ಸಾಕವ್ವನಿಂದ ಪುಟ್ಟಕ್ಕನವರೆಗೆ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ನಮ್ಮ ಮೇಲಿನ ಮನೆಯಾಕೆ ಚಪಾತಿ ಆರ್ಡರ್ ತೆಗೆದುಕೊಳ್ಳಲು ಶುರು ಮಾಡಿದ ಹೊಸತು. ಕೆಳಗೆ ತರಕಾರಿ ಗಾಡಿ ಹತ್ತಿರ ನಾವು ನಾಲ್ಕು ಜನ ಹೆಂಗಸರು ನಿಂತಿದ್ದೆವು. ಒಬ್ಬರು, "ಗಂಡನಿಗೆ ಒಳ್ಳೇ ಕೆಲಸ ಇದೆಯಲ್ಲ, ಇವಳಿಗ್ಯಾಕ್ರೀ ಬೇಕಿತ್ತು ಕಂಡವರ ಮನೆಗೆಲ್ಲಾ ಚಪಾತಿ ಲಟ್ಟಿಸೋ ಕರ್ಮ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವತ್ತು ಸಂಜೆ ಒಲೆ ಸಣ್ಣ ಮಾಡಿ ಅತ್ತೆಯ ಪಕ್ಕ ಕೂತು 'ಪುಟ್ಟಕ್ಕನ ಮಕ್ಕಳು' ನೋಡಿದೆ. ಗಂಡ ಬಿಟ್ಟು ಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನನ್ನು ಯಾರೋ ಹಂಗಿಸಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು. ಆಗ ಹೊಳೆಯಿತು ನೋಡಿ! ಟಿವಿಯೊಳಗಿನ ಹೆಂಗಸು ಊರಿಗೆಲ್ಲಾ ಅಡುಗೆ ಮಾಡಿ ಬದುಕಿದರೆ ಅದು ಸ್ವಾಭಿಮಾನ. ಅದೇ ನಮ್ಮ ಬಿಲ್ಡಿಂಗಿನ ಹೆಂಗಸು ಮಾಡಿದರೆ ಕರ್ಮ! ಇದ್ಯಾವ ನ್ಯಾಯ?

ಪುಟ್ಟಕ್ಕನ ಪಾತ್ರ ಮಾಡಿದ ಉಮಾಶ್ರೀ ಅವರ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅನ್ನಿಸಿದ್ದು ಅದಕ್ಕೇ. ಅವರು ನಾಟಕ, ಸಿನಿಮಾ, ಧಾರಾವಾಹಿ ಮೂರರಲ್ಲೂ ನಡೆದು ಬಂದ ದಾರಿಯಲ್ಲಿ ಮನೆಯಲ್ಲಿರುವ ನಮಗೂ ಸೇರಬೇಕಾದ ಪಾಠವೊಂದಿದೆ.

ಮುದುಕಿಯಾದ ಹುಡುಗಿ

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ದೊಡ್ಡ ಮನೆತನದ ಹೆಸರಾಗಲೀ, ಕೈಹಿಡಿದು ಸಿನಿಮಾಕ್ಕೆ ಕರೆದೊಯ್ಯುವವರಾಗಲೀ ಇರಲಿಲ್ಲ. ಅವರನ್ನು ಬೆಳೆಸಿದ್ದು ರಂಗಭೂಮಿ. ಹಳೆಯ ನಾಟಕಪ್ರಿಯರನ್ನು ಕೇಳಿ ನೋಡಿ, ಉಮಾಶ್ರೀ ಅಂದ ತಕ್ಷಣ ಅವರು ಹೇಳುವ ಹೆಸರು ಸಾಕವ್ವ. ದೇವನೂರ ಮಹಾದೇವ ಅವರ 'ಒಡಲಾಳ' ಕಥೆಯನ್ನು ಸಿಜಿಕೆ ರಂಗಕ್ಕೆ ತಂದಾಗ ಅದರ ಸಾಕವ್ವ ಆದವರು ಇವರೇ. ಕಳೆದುಹೋದ ಹುಂಜವನ್ನು ಹುಡುಕುತ್ತಾ ಕೇರಿಯೆಲ್ಲಾ ಅಲೆಯುವ ಮುದುಕಿ ಅವಳು. ಬಡತನ, ಸಿಟ್ಟು, ಮಕ್ಕಳು ಮೊಮ್ಮಕ್ಕಳ ಮೇಲಿನ ಜೀವ, ಎಲ್ಲಾ ಅವಳ ಬಾಯಿ ಮಾತಿನಲ್ಲೇ ಬರಬೇಕು. ಚಿಕ್ಕ ವಯಸ್ಸಿನ ನಟಿಗೆ ಮುದುಕಿಯ ವೇಷ! 'ನನಗೆ ಚೆಂದದ ಪಾತ್ರವೇ ಬೇಕು' ಅಂತ ಕೂತಿದ್ದರೆ ಸಾಕವ್ವ ಅವರಿಗೆ ದಕ್ಕುತ್ತಿರಲಿಲ್ಲ.

ಅಮ್ಮ ನೀರು ತರಲು ಕಳಿಸುತ್ತಿದ್ದಳು!

ಆದರೆ ನನ್ನ ಓರಗೆಯವರಿಗೆ ಉಮಾಶ್ರೀ ಮೊದಲು ಗೊತ್ತಾಗಿದ್ದು ಸಾಕವ್ವ ಆಗಿ ಅಲ್ಲ. ಚಿಕ್ಕವಳಿದ್ದಾಗ ಟಿವಿಯಲ್ಲಿ ಹಳೆಯ ಕನ್ನಡ ಸಿನಿಮಾ ಹಾಕಿದರೆ ನಗಿಸುವ ಜೋಡಿಯಾಗಿ ಎನ್.ಎಸ್. ರಾವ್ ಜೊತೆ ಇವರು ಬರೋರು. ಮಾತಿಗೆ ಎರಡೆರಡು ಅರ್ಥ. ಅಪ್ಪ ಪೇಪರ್ ಎತ್ತಿ ಮುಖಕ್ಕೆ ಹಿಡಿಯೋರು. ಅಮ್ಮ, "ಹೋಗೇ, ಒಂದು ಲೋಟ ನೀರು ತಗೊಂಬಾ" ಅಂತ ನನ್ನನ್ನು ಎಬ್ಬಿಸಿ ಕಳಿಸೋಳು. ನಿಮ್ಮ ಮನೆಯಲ್ಲೂ ಹೀಗೇ ನಡೀತಿತ್ತು ತಾನೇ?

1984ರಲ್ಲಿ ಕಾಶಿನಾಥ್ ಅವರ 'ಅನುಭವ' ಬಂತು. ಆ ಕಾಲಕ್ಕೆ ತುಂಬಾ ಗಟ್ಟಿ ಧೈರ್ಯದ ಚಿತ್ರ ಅದು. ಆಮೇಲೆ ಉಮಾಶ್ರೀ ಅವರನ್ನು ಹುಡುಕಿಕೊಂಡು ಬಂದದ್ದು ಹೆಚ್ಚಾಗಿ ಅದೇ ಥರದ ಪಾತ್ರಗಳು. ಜನ ಥಿಯೇಟರಿನಲ್ಲಿ ನಕ್ಕರು, ಹೊರಗೆ ಬಂದು ಮೂಗು ಮುರಿದರು. ನಗಿಸುವ ಮಾತು ಬರೆದವರ ಹೆಸರು ಯಾರಿಗೂ ನೆನಪಿಲ್ಲ, ಹೇಳಿದವಳ ಮೇಲೆ ಮಾತ್ರ ಹಣೆಪಟ್ಟಿ.

ಎರಡು ಮಕ್ಕಳನ್ನು ಒಂಟಿಯಾಗಿ ಬೆಳೆಸಿದ ಕಷ್ಟವನ್ನು ಉಮಾಶ್ರೀ ಎಷ್ಟೋ ಸಂದರ್ಶನಗಳಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಮಕ್ಕಳ ಸ್ಕೂಲ್ ಫೀಸು, ಮನೆ ಬಾಡಿಗೆ, ಅಕ್ಕಿ ಬೇಳೆ ನಾವೂ ಲೆಕ್ಕ ಹಾಕುವವರೇ ಅಲ್ವಾ? 'ಒಳ್ಳೆ ಪಾತ್ರ ಬರಲಿ, ಆಮೇಲೆ ಮಾಡ್ತೀನಿ' ಅನ್ನೋ ಸೌಕರ್ಯ ಎಲ್ಲರಿಗೂ ಇರೋದಿಲ್ಲ. ಅವರು ಸಿಕ್ಕಿದ ಕೆಲಸ ಮಾಡಿದರು. ಆದರೆ ಒಳಗಿದ್ದ ಸಾಕವ್ವನನ್ನು ಸಾಯಲು ಬಿಡಲಿಲ್ಲ. 1994ರ 'ಕೊಟ್ರೇಶಿ ಕನಸು' ಚಿತ್ರದಲ್ಲಿ ಓದುವ ಹುಡುಗನ ಬಡ ತಾಯಿಯಾಗಿ ಬಂದಾಗ, ಇವರೇನಾ ಅವರು ಅಂತ ನೋಡುವವರಿಗೆ ಅನ್ನಿಸಿದ್ದು ಅದಕ್ಕೇ.

ಗುಲಾಬಿ ಅರಳಿದ್ದು ಐವತ್ತರ ಮೇಲೆ

ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' ಬಂದದ್ದು 2008ರಲ್ಲಿ. ಮೂಲ ಕಥೆ ನಮ್ಮ ವೈದೇಹಿ ಅವರದು. ಸಿನಿಮಾದಲ್ಲಿ ಗುಲಾಬಿ ಕರಾವಳಿಯ ಮೀನುಗಾರರ ನಡುವೆ ಒಂಟಿಯಾಗಿ ಬದುಕುವ ಸೂಲಗಿತ್ತಿ. ಗಂಡ ಇನ್ನೊಬ್ಬಳ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಇವಳಿಗೆ ಉಳಿದಿರುವ ಒಂದೇ ಖುಷಿ ಸಿನಿಮಾ. ಒಂದು ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಬಣ್ಣದ ಟಿವಿ ಬರುತ್ತದೆ. ಅಲ್ಲಿಯವರೆಗೆ ದೂರ ನಿಂತಿದ್ದ ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಮನೆಯಲ್ಲಿ ಕೂರುತ್ತಾರೆ. ಕೊನೆಗೆ ಕಾರ್ಗಿಲ್ ಕಾಲದ ದ್ವೇಷ ಆ ಊರಿಗೂ ಹಬ್ಬಿದಾಗ, ಮುಸ್ಲಿಂ ಹೆಂಗಸಾದ ಗುಲಾಬಿ ಮನೆ ಬಿಟ್ಟು ಹೋಗಬೇಕಾಗುತ್ತದೆ.

ಈ ಪಾತ್ರಕ್ಕೆ ಉಮಾಶ್ರೀ ಅವರಿಗೆ 2007ರ ಸಾಲಿನ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಇಡೀ ದೇಶಕ್ಕೇ ಅತ್ಯುತ್ತಮ ನಟಿ! ಆಗ ಅವರ ವಯಸ್ಸು ಐವತ್ತು ದಾಟಿತ್ತು. ನಮ್ಮಲ್ಲಿ ಮೂವತ್ತೈದಕ್ಕೇ "ಇನ್ನೇನ್ರೀ, ನಮ್ದೆಲ್ಲಾ ಆಯ್ತು, ಮಕ್ಕಳು ಮುಂದೆ ಬಂದ್ರೆ ಸಾಕು" ಅನ್ನುವವರಿದ್ದೇವೆ. ಸ್ವಲ್ಪ ಯೋಚನೆ ಮಾಡಿ.

ಸೋತರೆ ಮತ್ತೆ ರಂಗ

ಅವರು ರಾಜಕೀಯಕ್ಕೂ ಬಂದರು. ಬಾಗಲಕೋಟೆ ಜಿಲ್ಲೆಯ ತೇರದಾಳದಲ್ಲಿ 2008ರಲ್ಲಿ ಸೋತರು, ಅದೇ ಕ್ಷೇತ್ರದಲ್ಲಿ 2013ರಲ್ಲಿ ಗೆದ್ದು ಮಂತ್ರಿಯಾದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆ ನೋಡಿಕೊಂಡರು. 2018ರಲ್ಲಿ ಮತ್ತೆ ಸೋತರು. ಪಕ್ಷ, ಚುನಾವಣೆ ನಮಗೆ ಬೇಡ. ಸೋತ ಮೇಲೆ ಏನು ಮಾಡಿದರು ಅನ್ನೋದು ಮುಖ್ಯ. ಮುಖ ಸಣ್ಣ ಮಾಡಿಕೊಂಡು ಮನೆಯಲ್ಲಿ ಕೂರಲಿಲ್ಲ. 'ಶರ್ಮಿಷ್ಠೆ' ಎಂಬ ಏಕವ್ಯಕ್ತಿ ನಾಟಕದಲ್ಲಿ ಒಬ್ಬರೇ ರಂಗದ ಮೇಲೆ ನಿಂತರು. ತಾಯಿಮನೆಗೆ ಹೋದ ಹಾಗೆ ರಂಗಭೂಮಿಗೆ ಹೋದರು.

ಆಮೇಲೆ 2021ರ ಡಿಸೆಂಬರಿನಲ್ಲಿ ಪುಟ್ಟಕ್ಕನಾಗಿ ನಮ್ಮೆಲ್ಲರ ಹಾಲ್‌ಗೆ ಬಂದರು. ಅಮ್ಮ ಯಾರನ್ನು ನೋಡಬಾರದು ಅಂತ ನನ್ನನ್ನು ನೀರು ತರಲು ಕಳಿಸುತ್ತಿದ್ದಳೋ, ಅವರನ್ನೇ ನೋಡಲು ಅದೇ ಅಮ್ಮ ಊರಲ್ಲಿ ಬೇಗ ಬೇಗ ಅಡುಗೆ ಮುಗಿಸತೊಡಗಿದಳು! 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣವಾದ ಮೇಲೂ ಬಣ್ಣ ಬಿಡಲಿಲ್ಲ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಯಕ್ಷಗಾನದ ವೇಷ ಕಟ್ಟಿ ಮಂಥರೆಯಾದರು. ಅರವತ್ತೇಳನೇ ವಯಸ್ಸಿನಲ್ಲಿ ಹೊಸ ಕುಣಿತ, ಹೊಸ ತಾಳ ಕಲಿಯಬೇಕೆಂದರೆ ಸುಮ್ಮನೆ ಮಾತಲ್ಲ.

ನಾವೇನು ಮಾಡಬಹುದು?

ನಾವೆಲ್ಲಾ ನಟಿಯರಾಗಬೇಕಿಲ್ಲ. ಆದರೆ ಈ ಕೆಲವನ್ನು ಇವತ್ತಿನಿಂದಲೇ ಮಾಡಬಹುದು.

* ನಿಮಗೆ ಚೆನ್ನಾಗಿ ಬರುವ ಒಂದು ಕೆಲಸ ಇದ್ದೇ ಇರುತ್ತದೆ. ಹೊಲಿಗೆ, ಹಾಡು, ರಂಗೋಲಿ, ಲೆಕ್ಕ, ಹೋಳಿಗೆ ಯಾವುದೇ ಇರಲಿ. ವಾರಕ್ಕೆ ಎರಡು ದಿನವಾದರೂ ಅದನ್ನು ಮುಟ್ಟಿ. ಕೈ ಬಿಟ್ಟರೆ ಕೈ ಮರೆಯುತ್ತದೆ.

* ಮೊದಲು ಸಿಗುವ ಕೆಲಸ ನಿಮ್ಮ ಓದಿಗೆ, ಆಸೆಗೆ ತಕ್ಕದ್ದಲ್ಲದಿರಬಹುದು. ಮರ್ಯಾದೆಗೆ ಕುಂದಿಲ್ಲವಾದರೆ ಮಾಡಿ. ಅದೇ ಕೊನೆಯ ಕೆಲಸ ಆಗಬೇಕಿಲ್ಲ.

* ಪುಟ್ಟದಾದರೂ ಸರಿ, ನಿಮ್ಮ ಗಳಿಕೆಗೆ ನಿಮ್ಮ ಹೆಸರಿನದೇ ಒಂದು ಖಾತೆ ಇರಲಿ. ಹಿಟ್ಟು, ಎಣ್ಣೆ, ಗ್ಯಾಸ್ ಖರ್ಚು ಬರೆದಿಡಿ. ಇಲ್ಲವಾದರೆ ಲಾಭ ಎಷ್ಟು ಅಂತಲೇ ಗೊತ್ತಾಗುವುದಿಲ್ಲ.

* ಯಾರಾದರೂ "ಏನು ಮಾಡ್ಕೊಂಡಿದ್ದೀರಾ?" ಅಂದರೆ "ಏನೂ ಇಲ್ಲ, ಮನೇಲೇ ಇದ್ದೀನಿ" ಅನ್ನಬೇಡಿ. ಮಾಡುವ ಕೆಲಸದ ಹೆಸರು ಹೇಳಿ.

* ಎಲ್ಲಕ್ಕಿಂತ ಮುಖ್ಯ, ಇನ್ನೊಬ್ಬಳು ಶುರು ಮಾಡಿದಾಗ ನಗಬೇಡಿ. ಗಂಡಸರು ಆಡಿಕೊಳ್ಳುವುದಕ್ಕಿಂತ ನಾವು ನಾವೇ ಆಡಿಕೊಳ್ಳುವುದು ಹೆಚ್ಚು ನೋಯಿಸುತ್ತದೆ.

ಕೊನೆಯದು ನನಗೇ ನಾನು ಹೇಳಿಕೊಂಡಿದ್ದು. ಮಾರನೇ ದಿನ ಮೇಲಿನ ಮನೆಗೆ ಹೋಗಿ ಇಪ್ಪತ್ತು ಚಪಾತಿಗೆ ಹೇಳಿದೆ. ಆಕೆ ಬಾಗಿಲಲ್ಲೇ ಒಂದು ಕ್ಷಣ ನನ್ನ ಮುಖ ನೋಡಿದರು. ತರಕಾರಿ ಗಾಡಿ ಹತ್ತಿರದ ನಗು ಮೇಲಿನವರೆಗೆ ಕೇಳಿಸಿತ್ತೋ ಏನೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಒಳಗೆ ಬನ್ನಿ, ಕಾಫಿ ಕುಡೀರಿ" ಅಂದರು. ಹಿಟ್ಟು ಮೆತ್ತಿದ ಕೈಯಲ್ಲೇ ಲೆಕ್ಕದ ಪುಸ್ತಕ ತೆಗೆದು ನನ್ನ ಮನೆ ನಂಬರ್ ಬರೆದುಕೊಂಡರು. ಆ ಪುಟದಲ್ಲಿ ಆಗಲೇ ಹನ್ನೊಂದು ಮನೆಗಳ ನಂಬರ್ ಇತ್ತು.

ತರಕಾರಿ ಗಾಡಿ ಹತ್ತಿರ ನಕ್ಕಿದ್ದ ಆ ಇನ್ನೊಬ್ಬರ ಮನೆ ನಂಬರ್ ಕೂಡ!