ಚಕ್ರದ ಮೇಲೆ ಬಾರು... ಲೆಕ್ಕ ತಪ್ಪಿದರೆ ಜೇಬು ಚೂರು!

ಖಳನಾಯಕನ ಅಡ್ಡಾ. ಹಿಂದೆ ಬಣ್ಣ ಬಣ್ಣದ ಬಾಟ್ಲಿಗಳ ಸಾಲು. ಮುಂದೆ ಕ್ಯಾಬರೆ. ಖಳನಾಯಕ ಗ್ಲಾಸು ಎತ್ತಿ ಒಂದು ಅಟ್ಟಹಾಸ ಮಾಡಿದನೆಂದರೆ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಆದರೆ ಓದುಗ ಮಿತ್ರರೇ, ಆ ಗ್ಲಾಸಿನ ಬಿಲ್ಲು ಎಷ್ಟಾಯಿತು ಅಂತ ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ಕೇಳಬೇಕಾಗಿಯೂ ಇಲ್ಲ ಬಿಡಿ. ಅದರಲ್ಲಿರುವುದು ಹಾಲು ಹಾಕದ ಟೀ ಡಿಕಾಕ್ಷನ್! ಒಂದು ಕೆಟಲ್ ಟೀ ಇದ್ದರೆ ಸಾಕು, ಇಡೀ ಅಡ್ಡಾಗೆ ನಿಶೆ ಏರಿಸಬಹುದು.

ನಿಜವಾದ ಬಾರಿಗೆ ಈ ಅನುಕೂಲ ಇಲ್ಲ. ಅಲ್ಲಿ ಹನಿ ಹನಿಗೂ ಕಾಸು. ಈಗ ಬೆಂಗಳೂರಿನ ಕಂಪನಿಗಳಲ್ಲಿ ಒಂದು ಹೊಸ ಖಯಾಲಿ. ವರ್ಷದ ಕೊನೆಗೋ, ದೊಡ್ಡ ಪ್ರಾಜೆಕ್ಟು ಮುಗಿದಾಗಲೋ ಪಾರ್ಟಿ. ಕನಕಪುರ ರಸ್ತೆಯ ಯಾವುದೋ ತೋಟಕ್ಕೆ, ವೈಟ್‌ಫೀಲ್ಡಿನ ಯಾವುದೋ ಟೆರೇಸಿಗೆ ಬಾರೇ ಎದ್ದು ಬರುತ್ತದೆ! ಟೆಂಪೋದಲ್ಲಿ ಮಡಚಿಟ್ಟ ಕೌಂಟರು, ಮೈಯೆಲ್ಲಾ ಮಿಣುಕು ದೀಪ, ಗ್ಲಾಸು, ಐಸು, ಬಿಳಿ ಅಂಗಿಯ ಹುಡುಗರು. ಮೂರು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ರಾತ್ರಿಯೇ ಮಾಯ. ನೋಡಿದರೆ ನಮ್ಮ ಸಿನಿಮಾ ಸೆಟ್ಟೇ!

ಸೆಟ್ಟೇ ಹೌದು. ನಾನು ಕಲಾ ನಿರ್ದೇಶನದ ವಿಭಾಗದಲ್ಲಿ ಪ್ಲೈವುಡ್ಡು ಹೊತ್ತು ಬೆಳೆದವನು. ಷೂಟಿಂಗ್ ಇಲ್ಲದ ತಿಂಗಳಲ್ಲಿ ನಮ್ಮ ಬಡಗಿಗಳು, ಲೈಟ್ ಹುಡುಗರು ಇಂಥ ಪಾರ್ಟಿಗಳಿಗೇ ಕೆಲಸ ಮಾಡುವುದು. ಹಾಗಾಗಿ ಈ ಬಾರಿನ ಮುಂಭಾಗ ಮಾತ್ರ ಅಲ್ಲ, ಹಿಂಭಾಗವೂ ನನಗೆ ಗೊತ್ತು.

ಕಳೆದ ವರ್ಷ ನಮ್ಮ ಬೀದಿಯ ಹುಡುಗನೊಬ್ಬ ಓಡಿ ಬಂದ. ಕಂಪನಿಯಲ್ಲಿ ಅಡ್ಮಿನ್ ಕೆಲಸ, ಸೇರಿ ಆರು ತಿಂಗಳು.

"ಅಣ್ಣಾ, ಪಾರ್ಟಿ ಬಾರಿನ ಬಜೆಟ್ಟು ನನ್ನ ತಲೆಗೇ ಕಟ್ಟಿಬಿಟ್ರು. ನೂರು ಜನ. ನಾನೋ ಬೀರಿನ ಮೂಸೆ ನೋಡಿದೋನಲ್ಲ. ಹೆಚ್ಚು ಬರೆದ್ರೆ ದುಂದು ಅಂತಾರೆ, ಕಡಿಮೆ ಬಿದ್ರೆ ಮರ್ಯಾದೆ ಹೋಯ್ತು ಅಂತಾರೆ. ಪ್ರೊಬೇಷನ್ ಬೇರೆ ಮುಗಿದಿಲ್ಲ..."

"ಕೂತ್ಕೊಳೋ ಮಾರಾಯ. ಸಿನಿಮಾಗೆ ಬಜೆಟ್ ಹಾಕೋ ಹಾಗೇ ಇದಕ್ಕೂ ಹಾಕೋಣ" ಎಂದೆ. ಹಾಕಿದ ಲೆಕ್ಕ ಇಲ್ಲಿದೆ. ನಾಳೆ ನಿಮ್ಮ ತಲೆಗೂ ಯಾರಾದರೂ ಕಟ್ಟಿಯಾರು, ಕತ್ತರಿಸಿ ಇಟ್ಟುಕೊಳ್ಳಿ!

ಬಾಡಿಗೆ ಅಂದ್ರೆ ಏನೇನು?

ಮೊದಲು ಗೊತ್ತಿರಬೇಕಾದ ಗುಟ್ಟು: ಕೌಂಟರ್ ಬಾಡಿಗೆಗೆ ಕೊಡುವವನು ಸಾಮಾನ್ಯವಾಗಿ ಸರಕು ಕೊಡುವುದಿಲ್ಲ. ಅವನು ಕೊಡುವುದು ಕೌಂಟರು, ಗ್ಲಾಸು, ಐಸ್ ಪೆಟ್ಟಿಗೆ, ಹುಡುಗರು. ಬಾಟ್ಲಿ ತರಬೇಕಾದವರು ನೀವು. ಪೋಸ್ಟರಿನಲ್ಲಿ ಒಂದು ರೇಟು ಹಾಕಿರುತ್ತಾನೆ. ಅದರಲ್ಲಿ ಟೆಂಪೋ ಬಾಡಿಗೆ ಸೇರಿದೆಯೋ? ಜನರೇಟರು? ಒಡೆದ ಗ್ಲಾಸಿನ ದಂಡ ಯಾರ ಜೇಬಿನಿಂದ? ಡಿಪಾಸಿಟ್ ಎಷ್ಟು, ವಾಪಸ್ ಯಾವಾಗ? ಹೊತ್ತು ಮೀರಿದರೆ ಗಂಟೆಗೆಷ್ಟು? ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯದೆ ಅಡ್ವಾನ್ಸ್ ಕೊಡಬೇಡಿ. ಕಾಲ್‌ಷೀಟಿನಂತೆ ಇದೂ, ಬಾಯಿಮಾತಿನ ಕಾಲ್‌ಷೀಟಿಗೆ ಬೆಲೆ ಇದೆಯೇ?

ಇನ್ನೊಂದು ಮೋಹ ಇದೆ. 1988ರಲ್ಲಿ ಟಾಮ್ ಕ್ರೂಸ್‌ನ 'ಕಾಕ್‌ಟೇಲ್' ಬಂದಿತಲ್ಲ, ಅದರಲ್ಲಿ ನಾಯಕ ಬಾಟ್ಲಿಯನ್ನು ಗಾಳಿಗೆ ಎಸೆದು ಹಿಡಿಯುತ್ತಾನೆ. ಆ ಸರ್ಕಸ್ ಮಾಡುವ ಬಾರ್‌ಟೆಂಡರ್ ಬೇಕೆಂದರೆ ರೇಟು ಬೇರೆ. ನೋಡಲು ಚೆಂದ. ಆದರೆ ಅವನು ಬಾಟ್ಲಿ ತಿರುಗಿಸುತ್ತಾ ನಿಂತರೆ ಕ್ಯೂ ತಿರುಗುವುದಿಲ್ಲ ಸ್ವಾಮಿ! ಐವತ್ತು ಜನಕ್ಕೆ ಒಬ್ಬ ಬಾರ್‌ಟೆಂಡರ್ ಎಂದು ಹಿಡಿಯಿರಿ. ನೂರಕ್ಕೆ ಇಬ್ಬರು, ಜೊತೆಗೆ ಗ್ಲಾಸು ತೊಳೆಯಲು, ಐಸು ಹೊರಲು ಇಬ್ಬರು.

ನೂರು ಜನ, ನಾಲ್ಕು ಗಂಟೆ

ನೂರು ಜನ ಬಂದರೆ ನೂರೂ ಜನ ಕುಡಿಯುತ್ತಾರೆಯೇ? ಇಲ್ಲ. ಇಲ್ಲಿಯೇ ಹೆಚ್ಚಿನವರು ಎಡವುವುದು. ಮೊದಲು ಕೇಳಿ ಪಟ್ಟಿ ಮಾಡಿ. ನಮ್ಮ ಹುಡುಗ ಚೀಟಿ ಕಳಿಸಿ ಕೇಳಿದ. ಅರವತ್ತು ಜನ 'ಹೂಂ', ನಲವತ್ತು ಜನ 'ಊಹೂಂ'.

ಲೆಕ್ಕದ ಸೂತ್ರ ಸರಳ: ಮೊದಲ ಗಂಟೆಗೆ ತಲೆಗೆ ಎರಡು, ಆಮೇಲೆ ಗಂಟೆಗೊಂದು. ನಾಲ್ಕು ಗಂಟೆಗೆ ಐದು. ಅರವತ್ತು ಐದಲ ಮುನ್ನೂರು ಗ್ಲಾಸು. ಅರ್ಧ ಬೀರು, ಅಂದರೆ 150. ಹಾರ್ಡ್ ಡ್ರಿಂಕ್ಸ್ 120. ವೈನು 30.

ಬೀರು 330 ಎಂ.ಎಲ್. ಪೈಂಟ್ ಆದರೆ ಒಂದು ಕೇಸಿಗೆ 24. ಏಳು ಕೇಸು ತಂದರೆ 168 ಆಯಿತು, ಸಾಕು. ವಿಸ್ಕಿ, ರಮ್ಮು, ವೋಡ್ಕಾ 60 ಎಂ.ಎಲ್. ಲಾರ್ಜ್ ಪೆಗ್ಗಿನ ಹಾಗೆ 120 ಅಂದರೆ 7,200 ಎಂ.ಎಲ್. ಒಂದು ಫುಲ್ ಬಾಟ್ಲಿ 750. ಹತ್ತು ಬಾಟ್ಲಿ ಬೇಕು, ಚೆಲ್ಲುವುದಕ್ಕೆ ಒಂದು ಸೇರಿಸಿ ಹನ್ನೊಂದು. ವೈನು ಬಾಟ್ಲಿಗೆ ಐದು ಗ್ಲಾಸು, ಆರು ಬಾಟ್ಲಿ. ಪೆಗ್ಗಿಗೆ 200 ಎಂ.ಎಲ್. ಲೆಕ್ಕದಲ್ಲಿ ಸೋಡಾ, ನೀರು 24 ಲೀಟರು. ಐಸು? ಗ್ಲಾಸಿಗೆ ತಲೆಗೆ ಅರ್ಧ ಕೇಜಿ, ಬಾಟ್ಲಿ ತಣ್ಣಗಿಡಲು ಮತ್ತೆ ಅಷ್ಟೇ. ನೂರು ಕೇಜಿ! ಮೂಟೆಗಟ್ಟಲೆ ಐಸ್ ಎಂದು ನಗಬೇಡಿ. ಪಾರ್ಟಿಯಲ್ಲಿ ಮೊದಲು ಕೈಕೊಡುವ ಖಳನಾಯಕ ಅದೇ.

ದುಡ್ಡು ಜಾಸ್ತಿ ಆಯಿತೇ? ಕೂಪನ್ ಪದ್ಧತಿ ಇದೆ. ತಲೆಗೆ ಮೂರು ಕೂಪನ್. ಮುನ್ನೂರು ಇದ್ದದ್ದು 180ಕ್ಕೆ ಇಳಿಯಿತು! ನಮ್ಮ ಹುಡುಗ ಇದನ್ನೇ ಆರಿಸಿದ. ಮರ್ಯಾದೆಯೂ ಉಳಿಯಿತು, ಮರುದಿನ ತಲೆನೋವಿನ ರಜಾ ಚೀಟಿಯೂ ತಪ್ಪಿತು. ಆದರೆ ಎಚ್ಚರ! ಕೂಪನ್ ಪುಕ್ಕಟೆ ಇರಬೇಕು. ದುಡ್ಡು ತೆಗೆದುಕೊಂಡು ಕೊಟ್ಟರೆ ಅದು ವ್ಯಾಪಾರ. ಕಾನೂನಿನ ಕಣ್ಣು ಬೇರೆಯಾಗುತ್ತದೆ.

ಆ ನಲವತ್ತು 'ಊಹೂಂ' ಜನರನ್ನು ಮರೆಯಬೇಡಿ. ಅವರಿಗೆ ಮೂಲೆಯಲ್ಲಿ ಬೆಚ್ಚಗಿನ ಕಿತ್ತಳೆ ಶರಬತ್ತು ಇಟ್ಟು ಕೈ ತೊಳೆದುಕೊಳ್ಳುವುದು ಅನ್ಯಾಯ. ತಾಜಾ ಹಣ್ಣಿನ ರಸ, ಮಜ್ಜಿಗೆ, ನಿಂಬೆ ಸೋಡಾ ಅದೇ ಕೌಂಟರಿನಲ್ಲಿ, ಅದೇ ಗ್ಲಾಸಿನಲ್ಲಿ ಸಿಗಲಿ. 21 ತುಂಬದ ಟ್ರೈನಿ ಹುಡುಗರಿಗೂ ಅದೇ ಸರಿ.

ಲೈಸೆನ್ಸ್ ಎಂಬ ಸೆನ್ಸಾರ್

ಚಿತ್ರ ಎಷ್ಟೇ ಚೆನ್ನಾಗಿರಲಿ, ಸೆನ್ಸಾರ್ ಸರ್ಟಿಫಿಕೇಟ್ ಇಲ್ಲದೆ ಬಿಡುಗಡೆ ಉಂಟೇ? ಬಾರಿಗೂ ಹಾಗೇ. ಕರ್ನಾಟಕದ 1968ರ ಅಬಕಾರಿ ನಿಯಮಗಳಲ್ಲಿ ಬಾಟ್ಲಿ ಅಂಗಡಿಗೆ ಸಿ.ಎಲ್.-2, ಬಾರಿಗೆ ಸಿ.ಎಲ್.-9, ಲಾಡ್ಜಿಂಗ್ ಇರುವ ಹೋಟೆಲಿಗೆ ಸಿ.ಎಲ್.-7. ಒಂದು ದಿನದ ಸಮಾರಂಭಕ್ಕೆ ಬೇಕಾದದ್ದು ಸಿ.ಎಲ್.-5. ಅಬಕಾರಿ ಇಲಾಖೆಯಲ್ಲಿ ಮುಂಚಿತವಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ ಪಡೆಯಬೇಕು. ಲೈಸೆನ್ಸ್ ಇರುವ ಹೋಟೆಲಿನ ಬಾರಿನಲ್ಲೇ ಪಾರ್ಟಿ ಮಾಡಿದರೆ ಈ ಓಡಾಟ ಇಲ್ಲ, ಆದರೆ ಅಲ್ಲಿ ಪೆಗ್ಗಿನ ರೇಟು ಹೋಟೆಲಿನದು. ಎರಡನ್ನೂ ಅಕ್ಕಪಕ್ಕ ಬರೆದು ನೋಡಿ.

"ಗೋವಾದಿಂದ ಅಗ್ಗಕ್ಕೆ ತರಿಸೋಣ", "ಮಿಲಿಟರಿ ಕ್ಯಾಂಟೀನ್ ಬಾಟ್ಲಿ ಕೊಡಿಸ್ತೀನಿ" ಎನ್ನುವ ಮಹಾನುಭಾವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಕೈ ಮುಗಿದು ಕಳಿಸಿ! ಇಲ್ಲಿ ಸುಂಕ ಕಟ್ಟದ ಬಾಟ್ಲಿ ಪಾರ್ಟಿಯಲ್ಲಿ ಸಿಕ್ಕಿಬಿದ್ದರೆ ಸಿಗುವುದು ಡಿಸ್ಕೌಂಟ್ ಅಲ್ಲ, ಕೇಸು. ಲೈಸೆನ್ಸ್ ಅಂಗಡಿಯಿಂದ ಬಿಲ್ಲು ಸಮೇತ ತನ್ನಿ.

ತಾರೀಖೂ ನೋಡಿ. ಗಾಂಧಿ ಜಯಂತಿಯಂಥ ದಿನ ಡ್ರೈ ಡೇ. ಚುನಾವಣೆ ಬಂದರೆ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಂದ್. ಸಿನಿಮಾ ಹಾಡು ಹಾಕಿ ಕುಣಿಯುತ್ತೀರಾ? ಕಂಪನಿ ಪಾರ್ಟಿಯಲ್ಲಿ ಹಾಡು ಹಾಕಲು ಹಕ್ಕುದಾರರ ಸಂಸ್ಥೆಗಳಿಗೆ ಶುಲ್ಕ ಕಟ್ಟಬೇಕು. ನಮ್ಮ ಸಾಹಿತಿಗಳು, ಸಂಗೀತ ನಿರ್ದೇಶಕರಿಗೆ ಹೋಗುವ ದುಡ್ಡು ಅದು, ಗೊಣಗಬೇಡಿ. ರಾತ್ರಿ 10ರ ಮೇಲೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಂದ್.

ಬಿಲ್ಲಿನಲ್ಲಿ ಡಬಲ್ ಆಕ್ಟಿಂಗ್

2017ರ ಜುಲೈ 1ರಿಂದ ಜಿ.ಎಸ್.ಟಿ. ಬಂತು. ಆದರೆ ಕುಡಿಯುವ ಮದ್ಯ ಅದರ ಹೊರಗೆ. ರಾಜ್ಯದ ಸುಂಕ ಬಾಟ್ಲಿಯ ಬೆಲೆಯಲ್ಲೇ ಸೇರಿರುತ್ತದೆ. ಕೌಂಟರು, ಹುಡುಗರು, ವ್ಯವಸ್ಥೆ, ಇವಕ್ಕೆ 18 ಪರ್ಸೆಂಟ್. ಬಾಡಿಗೆ 50,000 ಅಂದುಕೊಳ್ಳಿ, ತೆರಿಗೆ 9,000, ಕೈಬಿಡುವುದು 59,000. ಆದ್ದರಿಂದ ಬಾಟ್ಲಿ ಬಿಲ್ಲು ಬೇರೆ, ಬಾಡಿಗೆ ಬಿಲ್ಲು ಬೇರೆ ಇರಲಿ. ಎರಡನ್ನೂ ಕಲಸಿ 'ಪ್ಯಾಕೇಜ್' ಎಂದು ಒಂದೇ ಮೊತ್ತ ಬರೆದರೆ ಯಾವುದಕ್ಕೆ ಎಷ್ಟು ಕೊಟ್ಟಿರಿ ಎಂದು ದೇವರಿಗೂ ತಿಳಿಯದು!

ಇನ್ನು ಕಳ್ಳತನದ ಮಾತು. ಷೂಟಿಂಗಿನಲ್ಲಿ ಒಬ್ಬ ಸಹಾಯಕ ಕಂಟಿನ್ಯುಟಿ ಬರೆಯುತ್ತಾನೆ. ಮೊದಲ ಷಾಟಿನಲ್ಲಿ ಗ್ಲಾಸಿನ ಡಿಕಾಕ್ಷನ್ ಅರ್ಧ ಇದ್ದರೆ ಮುಂದಿನ ಷಾಟಿನಲ್ಲಿ ತುಂಬಿರಬಾರದು. ಬಾರಿಗೂ ಅಂಥ ಒಬ್ಬ ಬೇಕು. ಬಂದ ಬಾಟ್ಲಿ ಎಷ್ಟು, ತೆರೆದದ್ದು ಎಷ್ಟು, ಖಾಲಿ ಎಷ್ಟು, ಉಳಿದದ್ದು ಎಷ್ಟು, ಗಂಟೆಗೊಮ್ಮೆ ಬರೆಯಲಿ. ಪೆಗ್ಗನ್ನು ಅಳತೆಯಲ್ಲೇ ಹಾಕಿಸಿ. ಕೈಯಂದಾಜಿನಲ್ಲಿ ಹಾಕಿದರೆ ಹನ್ನೊಂದು ಬಾಟ್ಲಿ ಎಂಟೂವರೆ ಗಂಟೆಗೇ 'ಶುಭಂ'.

ಮನೆಗೆ ಹೋಗುವ ಸೀನು

1984ರ 'ಶರಾಬಿ'ಯಲ್ಲಿ ಅಮಿತಾಭ್ ತೂರಾಡಿದರೆ ಚಪ್ಪಾಳೆ. ಹೊಸೂರು ರಸ್ತೆಯಲ್ಲಿ ನೀವು ತೂರಾಡಿದರೆ? 30 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ. ಮೂರು ಲಾರ್ಜ್ ಅಂದರೆ 60 ಗ್ರಾಂ. ಮೈ ಅದನ್ನು ಕರಗಿಸುವುದು ಗಂಟೆಗೆ ಹೆಚ್ಚೆಂದರೆ 10 ಗ್ರಾಂ ಲೆಕ್ಕದಲ್ಲಿ. ಆರು ಗಂಟೆ ಬೇಕು! ನಿಂಬೆ ಹಣ್ಣು, ತಣ್ಣೀರು ಸ್ನಾನ ಯಾವುದೂ ಇದನ್ನು ಬೇಗ ಮಾಡಿಸದು. ಕಾನೂನಿನ ಮಿತಿ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದ್ದರಿಂದ ಬಜೆಟ್ಟಿನಲ್ಲಿ ಕ್ಯಾಬ್ ಖರ್ಚು ಇರಲೇಬೇಕು. ಹೊಟ್ಟೆಗೆ ಹಾಕುವ ತಿಂಡಿಯೂ ಇರಲಿ, ಕೊನೆಯ ಒಂದು ಗಂಟೆ ಬಾರು ಬಂದ್ ಆಗಿ ಊಟ ಮಾತ್ರ ನಡೆಯಲಿ.

ಎಕ್ಸ್‌ಟ್ರಾಗಳ ಬಟವಾಡೆ

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ಎಲ್ಲ ಬಜೆಟ್ಟಿನ ಕೊನೆಯ ಸಾಲಿನಲ್ಲಿ ಇರುವುದು ಹುಡುಗರ ಕೂಲಿ. ದುಡ್ಡು ಕಡಿಮೆ ಬಿದ್ದರೆ ಮೊದಲು ಹೊಡೆಯುವುದೂ ಆ ಸಾಲನ್ನೇ! ಎರಡು ವರ್ಷದ ಹಿಂದೆ ಒಂದು ದೊಡ್ಡ ಪಾರ್ಟಿಗೆ ನಮ್ಮವರು ಕೌಂಟರು ಕಟ್ಟಿದರು. ಹೆಸರು ಬೇಡ. ಮಧ್ಯಾಹ್ನ ಎರಡಕ್ಕೆ ಬಂದ ಹುಡುಗರು ರಾತ್ರಿ ಒಂದಕ್ಕೆ ಗ್ಲಾಸು ಲೆಕ್ಕ ಕೊಟ್ಟರು. ಮೂವತ್ತು ಗ್ಲಾಸು ಒಡೆದಿತ್ತು. ಒಡೆದವರು ಅತಿಥಿಗಳು. ಕಡಿತ ಆದದ್ದು ಹುಡುಗರ ಕೂಲಿಯಿಂದ. ಊಟ ಮುಗಿದಿತ್ತು, ಬಸ್ಸೂ ಇರಲಿಲ್ಲ. ಮಂಡ್ಯ ಕಡೆಯ ಹುಡುಗನೊಬ್ಬ ಐಸ್ ಪೆಟ್ಟಿಗೆಯ ಮೇಲೆ ಕೂತು, "ಬಾಳಾ ಚೆನ್ನಾಗಿತ್ತು ಕಣಣ್ಣ ಪಾರ್ಟಿ. ನಾಳೆ ರೂಮಿನ ಬಾಡಿಗೆ ಏನ್ ಕೊಡ್ಲಿ?" ಎಂದು ನಕ್ಕ. ಆ ನಗೆ ಯಾವ ನಟನಿಗೂ ಬಾರದು.

ಅದಕ್ಕೇ ನಮ್ಮ ಬೀದಿಯ ಹುಡುಗನ ಹಾಳೆಯನ್ನು ತಲೆಕೆಳಗು ಮಾಡಿಸಿದೆ. ಮೊದಲ ಸಾಲು: ಹುಡುಗರ ಕೂಲಿ, ಊಟ, ಮನೆಗೆ ಬಿಡುವ ಗಾಡಿ. ಎರಡನೆಯದು ಲೈಸೆನ್ಸು. ಮೂರನೆಯದು ಅತಿಥಿಗಳ ಕ್ಯಾಬು. ಆಮೇಲೆ ಕೌಂಟರು, ಐಸು, ಗ್ಲಾಸು. ಕೊನೆಗೆ ಬಾಟ್ಲಿ. ದುಡ್ಡು ಕಡಿಮೆ ಬಿದ್ದರೆ ಕೆಳಗಿನಿಂದ ಹೊಡೆಯುತ್ತಾ ಬಾ ಎಂದೆ. ಅವನ ಬಾಸು ಹಾಳೆ ನೋಡಿ ಹುಬ್ಬೇರಿಸಿದರಂತೆ, ಆದರೆ ಸಹಿ ಹಾಕಿದರಂತೆ.

ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಹಿಡಿದು ನಿಂತಿರುವ ಗೆಳೆಯರೇ, ನಿಮ್ಮಲ್ಲಿ ಕೆಲವರು ನಾಳೆ ಆ ಕೌಂಟರಿನ ಮುಂದೆ ನಿಲ್ಲುತ್ತೀರಿ, ಕೆಲವರು ಹಿಂದೆ. ಮುಂದೆ ನಿಂತವರು ಗ್ಲಾಸು ಕೆಳಗಿಡುವಾಗ ಮೆಲ್ಲಗಿಡಿ. ಹಿಂದೆ ನಿಂತವರು ಕೂಲಿ, ಊಟ, ಗಾಡಿ ಮೂರನ್ನೂ ಕೇಳಿ, ಬರೆಸಿಕೊಂಡೇ ಬಿಳಿ ಅಂಗಿ ತೊಡಿ. ಕೇಳಲು ನಾಚಿಕೆ ಯಾಕ್ರೀ? ಹೀರೋ ಕೂಡ ಅಡ್ವಾನ್ಸ್ ಬರದೆ ಮೇಕಪ್ ಹಾಕಲ್ಲ!