ಹೊಲ ಮರಳಿ ಪಡೆಯುವ ದಾವೆಯಲ್ಲಿ ಮಾಲ್ಕಿ ಹಕ್ಕಿನ ರುಜುವಾತು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳಲ್ಲಿ ಬದುವಿನ ಒತ್ತುವರಿ, ಅಣ್ಣತಮ್ಮಂದಿರ ವಾಟ್ನಿ ತಕರಾರು, ಹಳೆಯ ಖರೀದಿಯ ವ್ಯಾಜ್ಯಗಳು ಹೊಸವಲ್ಲ. ಇವು ದಿವಾಣಿ ನ್ಯಾಯಾಲಯ ತಲುಪಿದಾಗ ಅನೇಕ ರೈತರು ಉತಾರವೊಂದನ್ನೇ ನಂಬಿ ದಾವೆ ಹೂಡುತ್ತಾರೆ. ಉತಾರದಲ್ಲಿ ಹೆಸರಿದ್ದರೆ ಹೊಲ ತಮ್ಮದೇ ಎಂಬುದು ಅವರ ಭಾವನೆ. ಆದರೆ ಕಬ್ಜೆ ಕೈತಪ್ಪಿದ ಮೇಲೆ ಹೊಲ ಮರಳಿ ಪಡೆಯಲು ಉತಾರವೊಂದೇ ಸಾಲದು. ಆ ಹೆಸರು ಯಾವ ಆಧಾರದಿಂದ ಅಲ್ಲಿಗೆ ಬಂದಿತೆಂಬುದನ್ನೂ ಸಿದ್ಧಪಡಿಸಬೇಕಾಗುತ್ತದೆ.

ರುಜುವಾತಿನ ಹೊಣೆ ಯಾರದು?

ಹೊಲ ಯಾರ ಕಬ್ಜೆಯಲ್ಲಿದೆಯೋ ಅವನೇ ಮಾಲೀಕನೆಂದು ಕಾನೂನು ಮೊದಲಿಗೆ ಭಾವಿಸುತ್ತದೆ. ಅಲ್ಲವೆನ್ನುವವನು ಅದನ್ನು ರುಜುವಾತು ಮಾಡಬೇಕು. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಎದುರಾಳಿಯ ಕಾಗದಗಳು ದುರ್ಬಲವಾಗಿದ್ದ ಮಾತ್ರಕ್ಕೆ ವಾದಿ ಗೆಲ್ಲಲಾರ. ತನ್ನ ಹಕ್ಕಿನ ಬಲದಿಂದಲೇ ಗೆಲ್ಲಬೇಕು. ವಾಸವಿ ಸಹಕಾರಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಇದನ್ನೇ ಒತ್ತಿ ಹೇಳಿತು. ಕಂದಾಯ ದಾಖಲೆಯ ನಮೂದಿನಿಂದಲೇ ಮಾಲ್ಕಿ ಹಕ್ಕು ಹುಟ್ಟುವುದಿಲ್ಲವೆಂದೂ ತಿಳಿಸಿತು.

ಹಾಗೆಂದು ಉತಾರ ನಿರುಪಯೋಗಿಯಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಮಿನಂತೆ, ತಪ್ಪೆಂದು ರುಜುವಾತಾಗುವವರೆಗೆ ಅದರ ನಮೂದು ಸರಿಯೆಂದೇ ಭಾವಿಸಬೇಕು. ಅನೇಕ ವರ್ಷಗಳ ಉತಾರಗಳು ಕಬ್ಜೆ ವಹಿವಾಟಿಗೆ ಒಳ್ಳೆಯ ಪುರಾವೆ.

ಕಾಗದಗಳ ಸರಪಳಿ

ಹೊಲ ಯಾರಿಂದ ಯಾರಿಗೆ, ಯಾವಾಗ, ಹೇಗೆ ಬಂದಿತೆಂಬುದು ಕೊಂಡಿ ತಪ್ಪದಂತೆ ಕಾಣಬೇಕು.

1. ಖರೀದಿ: ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಜಮೀನಿನ ಖರೀದಿ ಪತ್ರ ನೋಂದಣಿಯಾಗಿರಲೇಬೇಕು. ಬರೀ ಕರಾರು ಪತ್ರ, ಮುಖತ್ಯಾರ ಪತ್ರಗಳಿಂದ ಮಾಲ್ಕಿ ಬರುವುದಿಲ್ಲ. ಮೂಲ ಪತ್ರ ಕಳೆದಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಪಡೆದು, ಮೂಲ ಏಕೆ ಇಲ್ಲವೆಂಬುದನ್ನು ನ್ಯಾಯಾಲಯಕ್ಕೆ ವಿವರಿಸಬೇಕು.

2. ವಾರಸಾ ಮತ್ತು ವಾಟ್ನಿ: ಮೊದಲು ಹಿರಿಯರ ಹಕ್ಕು, ಅನಂತರ ವಂಶಾವಳಿ, ಆಮೇಲೆ ಹಂಚಿಕೆ, ಹೀಗೆ ಕ್ರಮವಾಗಿ ತೋರಿಸಬೇಕು. ಮೃತ್ಯುಪತ್ರದ ಆಧಾರವಿದ್ದರೆ, ಅದಕ್ಕೆ ಸಾಕ್ಷಿ ಹಾಕಿದವರು ಬದುಕಿದ್ದಲ್ಲಿ, ಒಬ್ಬರನ್ನಾದರೂ ವಿಚಾರಣೆ ಮಾಡಿಸಬೇಕು.

3. ಗೇಣಿ ಜಮೀನು: 1974ರ ಮಾರ್ಚ್ 1ರಂದು ಸರಕಾರಕ್ಕೆ ಸೇರಿ, ಭೂನ್ಯಾಯ ಮಂಡಳಿಯ ಮೂಲಕ ಬಂದ ಹೊಲವಾದರೆ ಮಂಡಳಿಯ ಆದೇಶ ಮತ್ತು ಫಾರ್ಮ್ ನಂ. 10 ಮುಖ್ಯ ಆಧಾರಗಳು.

4. ವತನಿ ಜಮೀನು: 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮದ ಮೇರೆಗೆ ಆದ ಮರುಮಂಜೂರಿ ಆದೇಶ ಬೇಕು.

5. ಹಕ್ಕು ಬದಲಾವಣೆ ನಮೂದು: ಉತಾರದಲ್ಲಿಯ ಪ್ರತಿಯೊಂದು ಬದಲಾವಣೆಗೂ ಒಂದು ನಮೂದಿನ ನಂಬರು ಇರುತ್ತದೆ. ಆ ನಂಬರು ಹಿಡಿದು ಹಿಂದಕ್ಕೆ ಹೋದರೆ ಮೂಲ ಸಿಗುತ್ತದೆ.

ನಮ್ಮ ಭಾಗದ ಹಳೆಯ ದಾಖಲೆಗಳಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬೈಲಹೊಂಗಲದ ಸುತ್ತಲಿನ ಹಳ್ಳಿಗಳನ್ನು ಹಿಂದೆ ಸಂಪಗಾಂವ ತಾಲೂಕೆಂದೂ, ಸವದತ್ತಿಯ ಕಡೆಯವನ್ನು ಪರಸಗಡ ತಾಲೂಕೆಂದೂ ಬರೆಯುತ್ತಿದ್ದರು. ಕಿತ್ತೂರು ಪ್ರತ್ಯೇಕ ತಾಲೂಕಾದದ್ದು ಈಚೆಗೆ. ರಾಮದುರ್ಗ 1948ರವರೆಗೆ ಸಂಸ್ಥಾನವಾಗಿತ್ತು. ಆದ್ದರಿಂದ ದಾಖಲೆಯಲ್ಲಿ ಬೇರೆ ತಾಲೂಕಿನ ಹೆಸರು ಕಂಡರೆ ಅದು ತಮ್ಮದಲ್ಲವೆಂದು ಬಿಡಬಾರದು. ಮರಾಠಿ ಅಥವಾ ಮೋಡಿ ಲಿಪಿಯ ಕಾಗದಗಳನ್ನು ಬಲ್ಲವರಿಂದ ಓದಿಸಿ, ಭಾಷಾಂತರ ಮಾಡಿಸಿ ಮೂಲದೊಡನೆ ಹಾಜರುಪಡಿಸಬೇಕು.

ಹೊಲದ ಗುರುತು

ಕಾಗದವೆಲ್ಲ ಸರಿಯಿದ್ದರೂ, ಎದುರಾಳಿ ಹಿಡಿದ ಜಾಗ ಆ ಕಾಗದದೊಳಗಿನದೇ ಎಂದು ತೋರಿಸದಿದ್ದರೆ ದಾವೆ ಬೀಳುತ್ತದೆ. ಉದಾಹರಣೆಗೆ, ಒಬ್ಬ ರೈತನ ಹೊಲ 8 ಎಕರೆ. ಪಕ್ಕದವನು ಬದು ಒಡೆದು 20 ಗುಂಟೆ ಒತ್ತಿದ್ದಾನೆ. ಉತಾರ 8 ಎಕರೆ ಎನ್ನುತ್ತದೆ. ಆದರೆ ಆ 20 ಗುಂಟೆ ಯಾವ ದಿಕ್ಕಿಗಿದೆ, ಯಾರ ಸರ್ವೆ ನಂಬರಿನಲ್ಲಿ ಬೀಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಇದಕ್ಕೆ ಅಳತೆಯೇ ಆಧಾರ. ದಾವೆಗೆ ಮೊದಲೇ ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಬಾಜೂದಾರರಿಗೆ ನೋಟೀಸು ತಲುಪಿದ ಮೇಲೆ ಅಳತೆ ಮಾಡಿಸುವುದು ಒಳ್ಳೆಯದು. ಟಿಪ್ಪಣಿ, ಆಕಾರಬಂದ್, ಹಿಸ್ಸಾ ನಕಾಶೆಗಳ ನಕಲು ಪಡೆದು, ಒತ್ತುವರಿ ಭಾಗವನ್ನು ನಕಾಶೆಯಲ್ಲಿ ಗುರುತಿಸಿ ದಾವೆಗೆ ಲಗತ್ತಿಸಬೇಕು. ವಿವಾದ ಉಳಿದರೆ ನ್ಯಾಯಾಲಯದಿಂದ ಕಮಿಶನರರ ನೇಮಕ ಕೇಳಬಹುದು. ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಮಹಾಪೂರದಿಂದ ಬದು, ಬಾಂದಗಲ್ಲು ಅಳಿಸುವುದರಿಂದ ಅಲ್ಲಿಯ ರೈತರಿಗೆ ಇದು ಹೆಚ್ಚು ಅಗತ್ಯ.

ಕಾಲಮಿತಿ

ಬಲವಂತದಿಂದ, ಕಾನೂನಿನ ಕ್ರಮವಿಲ್ಲದೆ ಕಬ್ಜೆ ಬಿಡಿಸಿದ್ದರೆ ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಂತೆ ದಾವೆ ಹೂಡಬಹುದು. ಇದರಲ್ಲಿ ಮಾಲ್ಕಿ ರುಜುವಾತು ಬೇಕಿಲ್ಲ. ಮೊದಲು ತನ್ನ ಕಬ್ಜೆ ಇತ್ತೆಂದು ತೋರಿಸಿದರೆ ಸಾಕು. ಸರಕಾರದ ವಿರುದ್ಧ ಈ ದಾರಿಯಿಲ್ಲ. ಮಾಲ್ಕಿಯ ಆಧಾರದ ಮೇಲಿನ ದಾವೆಗೆ, ಎದುರಾಳಿಯ ಕಬ್ಜೆ ಮಾಲೀಕನಿಗೆ ವಿರುದ್ಧವಾದ ದಿನದಿಂದ 12 ವರ್ಷ ಅವಧಿ. ಅದು ಮೀರಿದರೆ ಹಕ್ಕೇ ನಶಿಸಬಹುದು. “ನಮ್ಮವನೇ, ಬಿಟ್ಟಾನು” ಎಂದು ಸುಮ್ಮನಿದ್ದವರು ಹೊಲ ಕಳೆದುಕೊಳ್ಳುವುದು ಇಲ್ಲಿಯೇ.

ಕಬ್ಜೆ ಹೋದ ಮೇಲೆ ಬರೀ ತಡೆಯಾಜ್ಞೆ ಕೇಳಿದರೆ ಪ್ರಯೋಜನವಿಲ್ಲ. ಕಬ್ಜೆ ಮರಳಿ ಕೊಡಿಸಬೇಕೆಂದು, ಹಕ್ಕಿನ ಬಗ್ಗೆಯೇ ತಕರಾರಿದ್ದರೆ ಮಾಲ್ಕಿ ಘೋಷಣೆಯನ್ನೂ ಕೇಳಬೇಕು.

ರೈತರು ಈಗಲೇ ಮಾಡಬೇಕಾದದ್ದು

ಖರೀದಿ ಅಥವಾ ವಾಟ್ನಿಯಾದ ಕೂಡಲೇ, ಹಿರಿಯರು ತೀರಿಕೊಂಡಾಗ ತಡಮಾಡದೆ, ಹಕ್ಕು ಬದಲಾವಣೆ ಮಾಡಿಸಿರಿ. ವರ್ಷಕ್ಕೊಮ್ಮೆ ಉತಾರ ತೆಗೆಸಿ, 9ನೇ ಅಂಕಣದ ಮಾಲೀಕರ ಹೆಸರನ್ನೂ 12ನೇ ಅಂಕಣದ ಸಾಗುವಳಿದಾರರ ಹೆಸರನ್ನೂ ನೋಡಿರಿ. ಕಂದಾಯದ ಪಾವತಿ ಕಾಯ್ದಿರಿಸಿರಿ. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ. ದಾವೆಗೆ ಮುನ್ನ ಎಲ್ಲ ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ವಕೀಲರಿಗೆ ತೋರಿಸಿರಿ. ಯಾವ ಕೊಂಡಿ ತಪ್ಪಿದೆಯೆಂಬುದು ಆಗಲೇ ತಿಳಿದರೆ ಅದನ್ನು ಹುಡುಕಲು ಸಮಯವಿರುತ್ತದೆ.