ಕರುಳಿನ ಉರಿಯೂತ ಮತ್ತು ಇಸಬ್‌ಗೋಲ್

ರಕ್ತಮಿಶ್ರಿತ ಭೇದಿ ಹಾಗೂ ಹೊಟ್ಟೆನೋವು ವಾರಗಟ್ಟಲೆ ಮುಂದುವರಿದಲ್ಲಿ ಅದನ್ನು ಕಡೆಗಣಿಸಬಾರದು. ಕರುಳು ದೀರ್ಘಕಾಲ ಉರಿಯೂತಕ್ಕೆ ಒಳಗಾಗುವ ವ್ಯಾಧಿಗಳಲ್ಲಿ ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ ಮುಖ್ಯವಾದವು. ಇವು ಶಮನಗೊಂಡು ಮತ್ತೆ ಮರುಕಳಿಸುವ ಸ್ವಭಾವದವು.

ಇವುಗಳ ಚಿಕಿತ್ಸೆಯಲ್ಲಿ ಸಸ್ಯಜನ್ಯ ಬಹುಶರ್ಕರಗಳ ಪಾತ್ರವು ವಿಜ್ಞಾನಿಗಳ ಗಮನ ಸೆಳೆದಿದೆ. ಸಕ್ಕರೆಯ ಅಣುಗಳು ಸರಪಳಿಯಂತೆ ಕೂಡಿ ಆದ ಪದಾರ್ಥವೇ ಬಹುಶರ್ಕರ. ಗುಜರಾತ್, ರಾಜಸ್ಥಾನಗಳಲ್ಲಿ ಹೇರಳವಾಗಿ ಬೆಳೆಯುವ ಇಸಬ್‌ಗೋಲ್ ನೀರಿನಲ್ಲಿ ಲೋಳೆಯಾಗುವುದು ಅರಾಬಿನೋಕ್ಸೈಲಾನ್ ಎಂಬ ಬಹುಶರ್ಕರದಿಂದ. ನಮ್ಮ ಜೀರ್ಣರಸಗಳು ಇಂಥ ನಾರನ್ನು ಅರಗಿಸಲಾರವು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದರ ಒಂದಂಶವನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ಉತ್ಪಾದಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ; ಉರಿಯೂತವನ್ನು ತಗ್ಗಿಸುವ ಗುಣವೂ ಇದಕ್ಕುಂಟು.

ಸ್ಪೇನಿನ ವೈದ್ಯರು ರೋಗ ಶಮನಗೊಂಡಿದ್ದ 105 ಮಂದಿ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವು 1999ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಇಸಬ್‌ಗೋಲ್ ಬೀಜ ಸೇವಿಸಿದವರಲ್ಲಿ ಶೇಕಡಾ 40, ಮೆಸಲಮೀನ್ ಔಷಧ ಪಡೆದವರಲ್ಲಿ ಶೇಕಡಾ 35, ಎರಡನ್ನೂ ಪಡೆದವರಲ್ಲಿ ಶೇಕಡಾ 30 ಮಂದಿಗೆ ಚಿಕಿತ್ಸೆ ವಿಫಲವಾಯಿತು. ಅಂತರ ಅಲ್ಪವಾದರೂ ಇಷ್ಟು ಚಿಕ್ಕ ಪರೀಕ್ಷೆಯಿಂದ ಎರಡೂ ಸಮಾನವೆಂದು ನಿರ್ಣಯಿಸಲಾಗದು.

ಆದುದರಿಂದ ಇಸಬ್‌ಗೋಲನ್ನು ಔಷಧಕ್ಕೆ ಬದಲಾಗಿ ಅಲ್ಲ, ವೈದ್ಯರ ಸಲಹೆಯ ಮೇರೆಗೆ ಪೂರಕವಾಗಿ, ಸಾಕಷ್ಟು ನೀರಿನೊಡನೆ ಸೇವಿಸತಕ್ಕದ್ದು. ಕ್ರೋನ್ಸ್ ಕಾಯಿಲೆಯಿಂದ ಕರುಳು ಕಿರಿದಾಗಿರುವವರಲ್ಲಿ ಅದು ಉಬ್ಬಿ ಕರುಳಿನ ಮಾರ್ಗವನ್ನೇ ಮುಚ್ಚಬಹುದು. ರೋಗವು ಶಮನಗೊಂಡಿತೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಅದರ ಮರುಕಳಿಕೆಗೆ ಆಹ್ವಾನವಿತ್ತಂತೆ.